ಹರಿದ ಅಂಗಿ ಹಾಗೇ ಇರಲಿ

ಮಕ್ಕಳಿರುವ ಮನೆಯಲ್ಲಿ ಬಟ್ಟೆ ಹರಿಯುವುದು ಯಾರಿಗೆ ಹೊಸದು ಹೇಳಿ. ಬೆಳಿಗ್ಗೆ ಇಸ್ತ್ರಿ ಮಾಡಿ ಕಳಿಸಿದ ಅಂಗಿ ಸಂಜೆ ನೆಲ ಒರೆಸುವ ಬಟ್ಟೆಯ ಹಾಗೆ ವಾಪಸ್ ಬರುತ್ತದೆ. ತಾಯಂದಿರು ಗೊಣಗುತ್ತಾರೆ, ಒಗೆಯುತ್ತಾರೆ, ಹೊಲಿಯುತ್ತಾರೆ, ಮರೆಯುತ್ತಾರೆ. ಆದರೆ ಈ ಕಥೆಯ ತಾಯಿ ಗೊಣಗುತ್ತಿರಲಿಲ್ಲ. ಹರಿದ ಬಟ್ಟೆ ಕಂಡರೆ ಆಕೆಗೆ ಒಳಗೊಳಗೇ ಖುಷಿ.

ಯಾಕೆಂದರೆ ಆಕೆ ಟೈಲರ್. ಬೀದಿಯವರೆಲ್ಲ ಕರೆಯುವುದೇ ಟೈಲರಮ್ಮ ಎಂದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿ ಒಂದು ಹೊಲಿಗೆ ಮಿಷನ್, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಬಟ್ಟೆಗಳು, ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿಗಳು. ಹೊಸ ಬಟ್ಟೆ ಹೊಲಿಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಹರಿದದ್ದನ್ನು ಹರಿದೇ ಇಲ್ಲವೆನ್ನುವ ಹಾಗೆ ಕೂಡಿಸುವುದಿದೆಯಲ್ಲ, ಅದಕ್ಕೆ ಟೈಲರಮ್ಮನೇ ಬೇಕು. ಅದೇ ಬಟ್ಟೆಯ ಒಳ ಅಂಚಿನಿಂದ ಎಳೆ ಬಿಡಿಸಿ, ಆ ಎಳೆಯಿಂದಲೇ ಕೈಹೊಲಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದುಬಿಡುತ್ತಿದ್ದಳು. ಆಮೇಲೆ ಗಿರಾಕಿಗೇ ಸವಾಲು: "ಎಲ್ಲಿ ಹರಿದಿತ್ತು, ತೋರಿಸಿ ನೋಡೋಣ." ಗಿರಾಕಿ ಬೆಳಕಿಗೆ ಹಿಡಿದು ಹುಡುಕಿ ಸೋತರೆ ಅವತ್ತು ಆಕೆಗೆ ಊಟ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

ಮನೆಯಲ್ಲಿ ಮೂರು ಜನ: ಟೈಲರಮ್ಮ, ಅತ್ತೆ, ಆರನೇ ತರಗತಿಯ ಮಗ. ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಮಗನನ್ನು ಎಲ್ಲರೂ ಮರಿ ಎಂದೇ ಕರೆಯುತ್ತಿದ್ದರು. ಹುಡುಗ ಮೆತ್ತಗೆ, ಮಾತು ಕಮ್ಮಿ. "ನನ್ನ ಮಗ ಹರಿದ ಅಂಗಿ ಹಾಕ್ಕೊಂಡು ಶಾಲೆಗೆ ಹೋದ ಅಂತ ಒಬ್ಬರು ಹೇಳಲಿ, ಈ ಮಿಷನ್ ಮಾರಿಬಿಡ್ತೀನಿ" ಎಂದು ಟೈಲರಮ್ಮ ಎದೆ ತಟ್ಟಿ ಹೇಳುತ್ತಿದ್ದಳು.

ಆ ವರ್ಷ ಮರಿಯ ಅಂಗಿ ಹರಿಯುವುದು ಯಾಕೋ ಜಾಸ್ತಿಯಾಯಿತು. ಒಂದು ಸಲ ಜೇಬು. ಇನ್ನೊಂದು ಸಲ ಗುಂಡಿ. ಆಮೇಲೆ ಕಾಲರಿನ ಹಿಂಭಾಗ.

"ಎಲ್ಲಿ ಹರ್ಕೊಂಡ್ಯೋ?"

"ಆಟ ಆಡುವಾಗ."

"ಇರಲಿ, ಕೊಡು ಇಲ್ಲಿ. ಬೆಳಿಗ್ಗೆ ನಿನಗೇ ಗುರುತು ಸಿಗಬಾರದು, ಹಂಗೆ ಮಾಡ್ತೀನಿ."

ಸವೆದು ಬಿದ್ದ ಗುಂಡಿ ದಾರ ಬಿಟ್ಟು ಹೋಗುತ್ತದೆ. ಎಳೆದು ಕಿತ್ತ ಗುಂಡಿ ಬಟ್ಟೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಇದು ಟೈಲರಮ್ಮನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಕೈ ಕೆಲಸದಲ್ಲಿ ಮುಳುಗಿದರೆ ತಲೆ ರಜೆ ಹಾಕಿಬಿಡುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಒಂದು ದಿನ ಬೆಳಿಗ್ಗೆ ಮರಿ ಹೊಟ್ಟೆನೋವು ಎಂದು ಮಲಗಿದ. ಮಾರನೆಯ ದಿನ ತಲೆನೋವು. ಅದರ ಮಾರನೆಯ ದಿನ ನೋವು ಯಾವುದೂ ಸಿಗದೆ, ನೇರವಾಗಿ ಬಂದು ಮಿಷನ್ ಪಕ್ಕ ಕೂತ.

"ಅಮ್ಮ, ನನಗೆ ಶಾಲೆ ಬೇಡ. ನಿನ್ನ ಹತ್ರ ಹೊಲಿಗೆ ಕಲೀತೀನಿ."

ಸುಳ್ಳು ಯಾಕೆ ಹೇಳಬೇಕು, ಟೈಲರಮ್ಮನಿಗೆ ಒಂದು ಕ್ಷಣ ಸಿಟ್ಟು ಬರಲಿಲ್ಲ, ಹೆಮ್ಮೆಯೇ ಆಯಿತು. ಮಗನಿಗೆ ನನ್ನ ಕಸುಬಿನ ಮೇಲೆ ಮನಸ್ಸಾಗಿದೆ ಅಂದುಕೊಂಡಳು. ಹೆತ್ತವರಿಗೆ ಹೆಗ್ಗಣವೂ ಮುದ್ದು. ಇವನಂತೂ ಹೆಗ್ಗಣವಲ್ಲ, ಬಂಗಾರದಂಥ ಹುಡುಗ. ಬಾಗಿಲ ಬಳಿ ಕಾಳು ಆರಿಸುತ್ತಿದ್ದ ಅತ್ತೆ, "ಕಲೀಲಿ ಬಿಡು, ನಿನ್ನ ಮಿಷನ್ನಿಗೆ ಒಬ್ಬ ವಾರಸುದಾರ ಸಿಕ್ಕ" ಎಂದು ನಕ್ಕರು. ಅಲ್ಲಿಗೆ ಮಾತು ಮುಗಿದು, ಮರಿ ಮನೆಯಲ್ಲೇ ಉಳಿದ.

ಹಾಗೇ ಉಳಿದುಬಿಡುತ್ತಿದ್ದನೋ ಏನೋ, ಆ ವಾರ ನರ್ಸ್ ಬಂದಳು. ಪಕ್ಕದ ಬೀದಿಯ ಆಸ್ಪತ್ರೆಯವಳು, ಶಾಲೆಗಳಿಗೆ ಹೋಗಿ ಮಕ್ಕಳ ಆರೋಗ್ಯ ನೋಡುವುದು ಅವಳ ಕೆಲಸ. ಬಿಳಿ ಕೋಟು ಸಡಿಲವಾಗಿದೆ ಎಂದು ಬಿಗಿ ಮಾಡಿಸಲು ಬಂದಿದ್ದವಳು, ಮೂಲೆಯಲ್ಲಿ ಗುಂಡಿ ಜೋಡಿಸುತ್ತಿದ್ದ ಮರಿಯನ್ನು ನೋಡಿದಳು.

"ಏನಕ್ಕ, ಇವತ್ತು ಶಾಲೆಗೆ ರಜಾನಾ?"

"ಇಲ್ಲ ಸಿಸ್ಟರ್. ಸಾಹೇಬರು ಶಾಲೆ ಬಿಟ್ಟು ಟೈಲರ್ ಆಗ್ತಾರಂತೆ."

ನರ್ಸ್ ನಗಲಿಲ್ಲ. ಯಾಕೆ ಶಾಲೆ ಬೇಡ, ಏನಾಯಿತು ಎಂದೂ ಕೇಳಲಿಲ್ಲ. ಮರಿಯ ಪಕ್ಕ ನೆಲದ ಮೇಲೆಯೇ ಕೂತು, ತಾನೂ ನಾಲ್ಕು ಗುಂಡಿ ಜೋಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಶಾಲೇಲಿ ಊಟದ ಹೊತ್ತಲ್ಲಿ ಯಾರ ಪಕ್ಕ ಕೂತ್ಕೋತೀಯಪ್ಪ?"

ಮರಿ ಕೈಯಲ್ಲಿದ್ದ ಗುಂಡಿಯನ್ನು ಸಾಲಿಗೆ ಸೇರಿಸಿದ. ತಲೆ ಎತ್ತದೆಯೇ, "ಮೆಟ್ಟಿಲ ಕೆಳಗೆ. ಒಬ್ಬನೇ" ಎಂದ.

ಮಿಷನ್ ತುಳಿಯುತ್ತಿದ್ದ ಟೈಲರಮ್ಮನ ಕಾಲು ನಿಂತುಬಿಟ್ಟಿತು.

ಆಮೇಲೆ ಮಾತು ಒಂದೊಂದಾಗಿ ಹೊರಗೆ ಬಂತು. ತರಗತಿಯಲ್ಲಿ ದೊಡ್ಡ ಮೈಯ ಮೂವರು ಹುಡುಗರು. ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಮರಿಯನ್ನು ಹಿಡಿಯುತ್ತಾರೆ. ಒಬ್ಬ ಕೈ ಹಿಡಿದುಕೊಳ್ಳುತ್ತಾನೆ, ಇಬ್ಬರು ಅಂಗಿ ಎಳೆಯುತ್ತಾರೆ.

"'ನಿಮ್ಮಮ್ಮ ಹೊಲೀತಾಳಲ್ಲ, ನಾಳೆ ನೋಡೋಣ' ಅಂತಾರೆ. ಮಾರನೇ ದಿನ ನನ್ನ ಗೋಡೆಗೆ ನಿಲ್ಲಿಸಿ ಎಲ್ಲಿ ಹೊಲಿದಿದಾಳೆ ಅಂತ ಹುಡುಕ್ತಾರೆ. ಸಿಗಲಿಲ್ಲ ಅಂದ್ರೆ ಮತ್ತೆ ಅಲ್ಲೇ ಹರೀತಾರೆ. ಅದೇ ಅವರ ಆಟ."

ಯಾವ ಕೆಲಸಕ್ಕೆ ಬೀದಿಯವರೆಲ್ಲ ಭೇಷ್ ಎನ್ನುತ್ತಿದ್ದರೋ ಅದೇ ಕೆಲಸ ಮಗನ ಮೈಮೇಲೆ ಆಟವಾಗಿತ್ತು.

"ನನಗೆ ಯಾಕೋ ಹೇಳಲಿಲ್ಲ, ಮರಿ?"

"ಹೇಳಿ ಏನು ತೋರಿಸಲಮ್ಮ? ಬೆಳಿಗ್ಗೆ ಹೊತ್ತಿಗೆ ಎಲ್ಲ ಸರಿಹೋಗಿರ್ತಿತ್ತು. ಮಿಸ್ ನನ್ನನ್ನೇ ಎದ್ದು ನಿಲ್ಲಿಸಿ, ನೋಡಿ ಇವನ ಬಟ್ಟೆ ಎಷ್ಟು ಶಿಸ್ತಾಗಿದೆ ಅಂದ್ರು. ಆಗ ಅವರು ಮೂವರೂ ನನ್ನ ನೋಡಿ ನಕ್ಕರು."

ಅತ್ತೆ ಮೊರ ಕೆಳಗಿಟ್ಟರು. "ಅಯ್ಯೋ ಬಿಡ್ರಮ್ಮ. ಹುಡುಗರು ಅಂದ್ಮೇಲೆ ಹೊಡೆದಾಡ್ತವೆ. ಇವನಪ್ಪ ದಿನಾ ಮೂಗು ಒಡ್ಕೊಂಡೇ ಬರ್ತಿದ್ದ. ಇವನೂ ತಿರುಗಿಸಿ ಒಂದು ಬಿಟ್ಟಿದ್ರೆ ಎಲ್ಲ ನೆಟ್ಟಗಾಗ್ತಿತ್ತು."

"ಅಜ್ಜಿ, ಹೊಡೆದಾಟ ಬೇರೆ, ಕಾಟ ಕೊಡೋದು ಬೇರೆ" ಎಂದಳು ನರ್ಸ್. "ಸಮಸಮ ಇರೋ ಇಬ್ಬರು ಒಂದಿನ ಜಗಳ ಆಡಿದ್ರೆ ಸಂಜೆ ಮತ್ತೆ ಒಂದಾಗ್ತಾರೆ. ಇಲ್ಲಿ ಅವರು ಮೂವರು, ಇವನೊಬ್ಬ. ಬೇಕು ಬೇಕು ಅಂತಲೇ, ಮತ್ತೆ ಮತ್ತೆ, ಇವನನ್ನೇ ಹಿಡೀತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ನೀವೇ ಹೇಳ್ತೀರಲ್ಲ, ಅದೇ ಇದು. ತಿರುಗಿಸಿ ಹೊಡಿ ಅಂದ್ರೆ ಇನ್ನೂ ನಾಲ್ಕು ಏಟು ಹೆಚ್ಚು ತಿಂದು ಬರ್ತಾನೆ, ಇಲ್ಲಾ ಇವನೇ ತಪ್ಪಿತಸ್ಥ ಆಗ್ತಾನೆ."

ಅತ್ತೆ ಮೊರ ಮತ್ತೆ ಎತ್ತಿಕೊಂಡು ಕಾಳು ಆರಿಸತೊಡಗಿದರು.

ಟೈಲರಮ್ಮ ಕತ್ತರಿ ಕೈಯಲ್ಲಿ ಹಿಡಿದೇ ಎದ್ದು ನಿಂತಿದ್ದಳು. "ಯಾರ ಮನೆ ಹುಡುಗರು ಹೇಳೋ. ಅವರಪ್ಪಂದಿರ ಕಾಲರ್ ಹಿಡಿದು ಕೇಳ್ತೀನಿ."

"ಮೊದಲು ಕತ್ತರಿ ಕೆಳಗಿಡಿ ಅಕ್ಕ. ಬೀದಿ ಜಗಳ ಆದ್ರೆ ದೊಡ್ಡವರ ಸಿಟ್ಟೆಲ್ಲ ನಾಳೆ ನಲ್ಲಿ ಹತ್ರ ಇವನ ಮೇಲೇ ಬೀಳುತ್ತೆ. ಶಾಲೆಗೆ ಹೋಗಿ ಹೆಡ್ ಮೇಡಂ ಹತ್ರ ಮಾತಾಡೋಣ. ಎಲ್ಲಿ, ಯಾವ ಹೊತ್ತಲ್ಲಿ, ಯಾರ್ಯಾರು ಇದ್ರು ಅಂತ ಸ್ಪಷ್ಟವಾಗಿ ಹೇಳೋಣ. ಅದಕ್ಕೂ ಮುಂಚೆ ನೀವು ಮಾಡೋ ಕೆಲಸ ಒಂದಿದೆ. ಇವನಿಗೆ ಒಂದು ಮಾತು ಹೇಳಿ."

ಟೈಲರಮ್ಮನಿಗೆ ಏನು ಹೇಳಬೇಕೋ ತಿಳಿಯಿತು. ಮಗನ ಮುಂದೆ ಕೂತು ಅವನ ಎರಡೂ ಕೈ ಹಿಡಿದುಕೊಂಡಳು. "ಇದರಲ್ಲಿ ನಿನ್ನ ತಪ್ಪು ಒಂದು ಎಳೆನೂ ಇಲ್ಲ ಕಣೋ. ನೀನು ಹೇಳಿದ್ದನ್ನ ನಾನು ನಂಬ್ತೀನಿ." ಮರಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಈಗ ಅತ್ತ. ಅತ್ತೆ ಕಾಳಿನ ಮೊರ ಮರೆತು ಅವನ ಬೆನ್ನು ಸವರಿದರು.

ಕೊನೆಯ ಸಲ ಹರಿದ ಅಂಗಿ, ಮರಿ ಶಾಲೆಗೆ ಹೋಗದ್ದರಿಂದ ಹೊಲಿಗೆ ಕಾಣದೆ ಬುಟ್ಟಿಯಲ್ಲೇ ಬಿದ್ದಿತ್ತು. ಕಾಲರ್ ಅರ್ಧ ಕಿತ್ತು ನೇತಾಡುತ್ತಿತ್ತು, ಎದೆಯ ಜೇಬು ಇರಲೇ ಇಲ್ಲ. ಟೈಲರಮ್ಮ ಅಭ್ಯಾಸಬಲದಿಂದ ಸೂಜಿಗೆ ಕೈ ಹಾಕಿದಳು.

"ಬೇಡ ಅಕ್ಕ" ಎಂದಳು ನರ್ಸ್. "ಇದೊಂದನ್ನ ಹೊಲೀಬೇಡಿ. ಹರಿದ ಅಂಗಿ ಹಾಗೇ ಇರಲಿ."

ಮಾರನೆಯ ಬೆಳಿಗ್ಗೆ ಟೈಲರಮ್ಮ ಆ ಅಂಗಿಯನ್ನು ಚೀಲದಲ್ಲಿ ಹಾಕಿಕೊಂಡಳು. ಬಾಗಿಲು ದಾಟುವಷ್ಟರಲ್ಲಿ ಏನನ್ನಿಸಿತೋ, ಚೀಲದಿಂದ ತೆಗೆದು ತೋಳಿನ ಮೇಲೆ ಬಿಚ್ಚಿ ಹಾಕಿಕೊಂಡು ಹೊರಟಳು. ಒಂದು ಕಡೆ ಮರಿ, ಇನ್ನೊಂದು ಕಡೆ ನರ್ಸ್. ಇಸ್ತ್ರಿ ಅಂಗಡಿಯವನು ಕಂಡು, "ಏನ್ ಟೈಲರಮ್ಮ, ಯಾರದು ಈ ಅವತಾರದ ಅಂಗಿ?" ಎಂದು ಕೇಳಿಯೇಬಿಟ್ಟ. ಆಕೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನನ್ನ ಮಗಂದೇ. ಶಾಲೆಗೆ ತಗೊಂಡು ಹೋಗ್ತಿದೀನಿ."

ಹೆಡ್ ಮೇಡಂ ಒಳ್ಳೆಯವರೇ. ಆದರೂ ಮೊದಲು ಬಂದ ಮಾತು, "ನಮ್ಮ ಶಾಲೇಲಿ ಅಂಥದ್ದೆಲ್ಲ ಇಲ್ಲಮ್ಮ. ನಿಮ್ಮ ಮಗನನ್ನ ದಿನಾ ನೋಡ್ತೀನಿ, ಮಡಿಕೆ ಕೂಡ ಕೆಡದ ಹಾಗೆ ಬರ್ತಾನೆ" ಎಂದೇ. ಟೈಲರಮ್ಮ ಅಂಗಿಯನ್ನು ಮೇಜಿನ ಮೇಲೆ ಹರಡಿದಳು.

"ಅದು ನಾನು ಹೊಲಿದು ಕಳಿಸ್ತಿದ್ದ ಅಂಗಿ ಮೇಡಂ. ಅವನು ಸಂಜೆ ಮನೆಗೆ ಬರ್ತಿದ್ದಿದ್ದು ಹಿಂಗೆ. ಕಾಲರ್ ನೋಡಿ, ಹಿಂದಿನಿಂದ ಎಳೆದಿದ್ದು. ನಾನು ಮುಚ್ಚಿಟ್ಟೆ, ನಿಮಗೆ ಕಾಣಲಿಲ್ಲ. ಇನ್ನು ಮುಚ್ಚಲ್ಲ."

ಹೆಡ್ ಮೇಡಂ ಕನ್ನಡಕ ಸರಿಮಾಡಿಕೊಂಡು ಕಾಲರನ್ನು ಮುಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದು ಮರಿಯ ಪಕ್ಕವೇ ಕೂತರು. ಅವನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು.

ಅವತ್ತಿನಿಂದಲೇ ಕೆಲಸ ಶುರುವಾಯಿತು. ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ, ಮೆಟ್ಟಿಲ ಹತ್ತಿರ ಒಬ್ಬೊಬ್ಬ ಶಿಕ್ಷಕರು ನಿಂತರು. ಆ ಮೂವರು ಹುಡುಗರನ್ನು ಎಲ್ಲರ ಮುಂದೆ ಬಯ್ಯಲಿಲ್ಲ; ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು, ಅವರ ಮನೆಯವರನ್ನೂ ಕರೆಸಿದರು. ಅವರಲ್ಲಿ ಒಬ್ಬನನ್ನು ಮನೆಯಲ್ಲಿ ಅವನ ಅಣ್ಣ ದಿನಾ ಹೀಗೇ ಬಡಿಯುತ್ತಿದ್ದ ಎನ್ನುವುದು ಆಗ ಗೊತ್ತಾಯಿತು. "ಅವರೂ ಮಕ್ಕಳೇ" ಎಂದರು ಹೆಡ್ ಮೇಡಂ. "ಮಾಡಿದ್ದು ಕೆಟ್ಟದ್ದು, ಅದನ್ನ ಬಿಡಿಸಬೇಕು. ಹುಡುಗನೇ ಕೆಟ್ಟವನು ಅಂತ ಹಣೆಪಟ್ಟಿ ಕಟ್ಟಿದ್ರೆ ಅವನು ಹಾಗೇ ಉಳಿದುಬಿಡ್ತಾನೆ."

ಅಷ್ಟೆಲ್ಲ ಆದ ಮೇಲೆ ಇಡೀ ತರಗತಿಯ ಜೊತೆ ಮಾತಾಡುವುದು ಬಾಕಿ ಇತ್ತು. "ನಿನ್ನ ಹೆಸರು ನಾನು ಎತ್ತಲ್ಲಪ್ಪ" ಎಂದು ಹೆಡ್ ಮೇಡಂ ಮರಿಗೆ ಮೊದಲೇ ಹೇಳಿದ್ದರು. ಆ ದಿನ ಟೈಲರಮ್ಮ ತರಗತಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮಗ ಇವತ್ತು ಒಳಗೆ ಕೂತಿದ್ದಾನೆ, ನಾಳೆ ಮತ್ತೆ ಬಂದೇ ಬರುತ್ತಾನೆ ಎನ್ನುವ ಧೈರ್ಯ ಅವಳಿಗೆ ಇನ್ನೂ ಇರಲಿಲ್ಲ.

ಒಳಗೆ ಹೆಡ್ ಮೇಡಂ ಕೇಳಿದರು, "ಯಾರಿಗಾದ್ರೂ ಕಾಟ ಕೊಡೋದನ್ನ ನೋಡಿದೋರು ಇದೀರಾ?" ಆಮೇಲೆ ಒಂದು ಬೆಂಚು ಸರಿದ ಸದ್ದು.

"ಮೇಡಂ, ನಾನೇ ಹೇಳ್ತೀನಿ."

ಮರಿಯ ದನಿ. ಟೈಲರಮ್ಮ ಎದ್ದು ನಿಂತಳು.

"ನನ್ನ ಅಂಗಿ ಹರೀತಿದ್ರು. ಅಂಗಿ ಹರಿದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ನೀವೆಲ್ಲ ನೋಡ್ತಿದ್ರಿ. ಒಬ್ಬರೂ ಬರಲಿಲ್ಲ." ಅವನ ದನಿ ಇನ್ನಷ್ಟು ಗಟ್ಟಿಯಾಯಿತು. "ಇನ್ಮೇಲೆ ಯಾರಿಗಾದ್ರೂ ಹಿಂಗಾದ್ರೆ ನಾನು ಬರ್ತೀನಿ. ಮಿಸ್‌ನ ಕರ್ಕೊಂಡು ಬರ್ತೀನಿ. ನೀವೂ ಬನ್ನಿ."

ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಎದ್ದಳು. "ನಾನು ನೋಡಿದ್ದೆ. ನಂದೂ ಹರೀತಾರೆ ಅಂತ ಭಯ ಆಗಿತ್ತು. ನಾನು ಬರ್ತೀನಿ." ಅವಳ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಬೆಂಚುಗಳು ಸರಿಯುತ್ತಲೇ ಹೋದವು.

ಹೊರಗೆ ನಿಂತಿದ್ದ ಟೈಲರಮ್ಮನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ಇವನು ನನ್ನ ಮಗ ಎಂದು ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಎರಡೆರಡು ಸಲ ಹೇಳಿದಳು. ಲಾರಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿ ಅತ್ತೆಯೇ ಹೇಳಿದರು: "ನಿನ್ನ ಮಗ ಒಂದೇ ಒಂದು ಏಟು ಹೊಡೀದೆ ಗೆದ್ದ ಕಣೋ. ನಿನಗೆ ಆಗಿತ್ತಾ?"

ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಕೆಲವು ವಾರಗಳ ನಂತರ ಯಾರೋ ಮತ್ತೆ ಪಿಸುಗುಟ್ಟಿದರು, ಅಡ್ಡಹೆಸರು ಹಿಡಿದು ಕರೆದರು. ಮರಿ ಅವತ್ತೇ ಮಿಸ್‌ಗೆ ಹೇಳಿದ, ಸಂಜೆ ಅಮ್ಮನಿಗೂ ಹೇಳಿದ. ಮಾರನೆಯ ದಿನ ಅವನೇ ಬ್ಯಾಗು ಹೆಗಲಿಗೇರಿಸಿ, ಗೇಟಿನಲ್ಲಿ ಕಾಯುತ್ತಿದ್ದ ಇಬ್ಬರು ಗೆಳೆಯರ ಜೊತೆ ಶಾಲೆಗೆ ಹೋದ.

ಓದುವವರೇ, ಕೇಳುವವರೇ, ಎಲ್ಲ ಕಾಟವೂ ಅಂಗಿ ಹರಿಯುವುದಿಲ್ಲ. ಕೆಲವರನ್ನು ಆಟಕ್ಕೆ ಸೇರಿಸುವುದಿಲ್ಲ, ಕೆಲವರ ಮೈಬಣ್ಣ, ಮಾತು, ನಡಿಗೆ ನೋಡಿ ನಗುತ್ತಾರೆ, ಕೆಲವರ ಫೋಟೋ ಫೋನಿನಲ್ಲಿ ಹರಿದಾಡುತ್ತದೆ. ಶಾಲೆ ಬೇಡ ಎನ್ನುವ ಮಗು ಸೋಮಾರಿಯೇ ಆಗಿರಬೇಕಿಲ್ಲ. ಮಗು ಹೇಳಿದರೆ ನಂಬಿ, ತಪ್ಪು ನಿನ್ನದಲ್ಲ ಎನ್ನಿ, ಶಾಲೆಗೆ ಹೋಗಿ ಮಾತಾಡಿ. ಕಾಟ ಕೊಡುವವನು ನಿಮ್ಮ ಮಗನೇ ಆಗಿದ್ದರೆ ಮುಚ್ಚಿಡಬೇಡಿ, ಬಡಿಯಲೂ ಬೇಡಿ. ಕೂರಿಸಿಕೊಂಡು ಕೇಳಿ, ತಿದ್ದಿ. ನೀವು ಮಕ್ಕಳಾಗಿದ್ದರೆ, ನೋಡಿ ಸುಮ್ಮನೆ ನಿಲ್ಲಬೇಡಿ, ಓಡಿಹೋಗಿ ದೊಡ್ಡವರನ್ನು ಕರೆಯಿರಿ. ನಾಳೆ ಎಂದು ಮುಂದೂಡಬೇಡಿ. ಇವತ್ತು ಸಂಜೆ ಮಗು ಮನೆಗೆ ಬಂದಾಗ ಕೈಯಲ್ಲಿರುವ ಕೆಲಸ ಕೆಳಗಿಟ್ಟು, ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.