ಗೆರೆಯಿಂದ ಎರಡು ಬೆರಳು ಆಚೆ

ಹಿಂದಿನ ಚಕ್ರ ಸುಣ್ಣದ ಗೆರೆಯನ್ನು ಎರಡು ಬೆರಳಿನಷ್ಟು ದಾಟಿ ನಿಂತಿತು. ತೀರ್ಪು ಹೇಳುವ ಡೋನ್ಯಾ ಎಲ್ವಿರಾ ಸೈಕಲ್ಲನ್ನು ಮತ್ತೆ ಮೊದಲ ಗೆರೆಗೆ ತಂದು, ಅತಿ ಭಾರದ ಗೇರಿಗೆ ಹಾಕಿ, ಸೀಟಿನ ಮೇಲೆ ಕೈಯೂರಿ, ಪೆಡಲು ಸರಿಯಾಗಿ ಒಂದು ಸುತ್ತು ಬರುವಷ್ಟು ನೂಕಿದರು. ಮತ್ತೆ ಅದೇ ಎರಡು ಬೆರಳು.

"ಮಕ್ಕಳ ಪಂದ್ಯಕ್ಕೆ ಇದು ನಡಿಯಲ್ಲ ಅಬ್ದೋನಣ್ಣ," ಅಂದರು. "ಪೆಡಲು ಒಂದ್ ಸುತ್ತು ಬಂದ್ರೆ ಸೈಕಲ್ಲು ಈ ಗೆರೆ ದಾಟ್ಬಾರ್ದು. ಭಾರದ ಗೇರು ತುಳಿದು ಎಳೇ ಮೊಣಕಾಲು ಹಾಳಾಗ್ಬಾರ್ದು ಅಂತಾನೇ ಈ ಗೆರೆ ಇರೋದು. ನಾನೇನ್ ಮಾಡ್ಲಿ, ನೀವೇ ಹೇಳಿ."

ಅಬ್ದೋನನಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ. ಸೈಕಲ್ಲು ಅವನ ಅಕ್ಕನ ಮಗನದು. ಹುಡುಗ ಉದ್ದವಾದ ಮೇಲೆ ಆಲೂಗಡ್ಡೆ ಚೀಲಗಳ ಹಿಂದೆ ತುಕ್ಕು ಹಿಡಿಯುತ್ತ ಬಿದ್ದಿತ್ತು. ಎರಡು ತಿಂಗಳು, ಲಾರಿಗೆ ಚೀಲ ಹೊತ್ತು ಬಂದ ಮೈಯಲ್ಲೇ ಕೂತು, ಹೊಸ ಗೇರು, ಹೊಸ ಚೈನು, ಹೊಸ ಕೇಬಲ್ಲು ಎಲ್ಲ ತಾನೇ ಹಾಕಿದ್ದ. ಹಲ್ಲು ಎಣಿಸಿ ಗೇರಿನ ಹಲ್ಲುಚಕ್ರ ಆರಿಸಿದ್ದ. ಅಂಗಳದಲ್ಲಿ ಗೆರೆ ಎಳೆದು ಅಳೆದಾಗ ಗೆರೆಯ ಮೇಲೇ ನಿಂತಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಕೆಟ್ಟದ್ದು ನಿನ್ನೆ. ಹಿಂದಿನ ಟೈರು ಸವೆದು ನುಣ್ಣಗಾಗಿತ್ತು. ಇಳಿಜಾರಿನಲ್ಲಿ ಮಗಳು ಸುಲ್ಮಾ ಜಾರಿಬಿದ್ದರೆ ಗತಿಯೇನೆಂದು ದಪ್ಪನೆಯ ಹೊಸ ಟೈರು ಹಾಕಿದ. ಟೈರು ದಪ್ಪವಾದರೆ ಚಕ್ರ ದೊಡ್ಡದಾಗುತ್ತದೆ, ಚಕ್ರ ದೊಡ್ಡದಾದರೆ ದೂರ ಹೋಗುತ್ತದೆ. ಇಷ್ಟು ತಿಳಿಯದ ಮನುಷ್ಯನಲ್ಲ ಅವನು. ಮತ್ತೊಮ್ಮೆ ಅಳೆಯಬೇಕೆಂದು ಹೊಳೆಯಲಿಲ್ಲ, ಅಷ್ಟೇ.

ಪಂದ್ಯದಲ್ಲಿ ಮೊದಲು ಬಂದ ಐದು ಮಕ್ಕಳನ್ನು ಊರಿನ ಸೈಕಲ್ ಶಾಲೆ ಸೇರಿಸಿಕೊಳ್ಳುತ್ತಿತ್ತು. ಮುಂದಿನ ವರ್ಷಕ್ಕೆ ಸುಲ್ಮಾಳ ವಯಸ್ಸು ಮೀರುತ್ತಿತ್ತು.

ಪಂದ್ಯಕ್ಕೆ ಹತ್ತೇ ನಿಮಿಷ. ಇಂಥ ಹೊತ್ತಿನಲ್ಲಿ ಬೊಯಾಕಾ ಸೀಮೆಯ ಯಾವ ಅಪ್ಪನಾದರೂ ಮಾಡುವುದನ್ನೇ ಅವನೂ ಮಾಡಿದ: ಮಂಡಿಯೂರಿ ಹಿಂದಿನ ಟೈರಿನ ಗಾಳಿ ಒಂದಿಷ್ಟು ಬಿಟ್ಟ. ಡೋನ್ಯಾ ಎಲ್ವಿರಾ ಸೀಟು ಅದುಮಿ ನೂಕಿದರು. ಚಕ್ರ ಗೆರೆಯ ಮೇಲೆ ನಿಂತಿತು. ಪಂದ್ಯ ಮುಗಿದ ಮೇಲೆ ಮತ್ತೆ ಅಳೆಯುತ್ತೇನೆ, ನಡುವೆ ಯಾರಾದರೂ ಗಾಳಿ ತುಂಬಿದ್ದು ಕಂಡರೆ ಹೆಸರು ಹೊಡೆದುಹಾಕುತ್ತೇನೆ ಎಂದು ಮೊದಲೇ ಹೇಳಿದರು.

ಸುಲ್ಮಾ ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದಳು.

"ಹಳೇದೇ ಸಾಕು ಅಂದಿದ್ನಲ್ಲಪ್ಪ," ಅಂದಳು. ಬೈದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಟ್ಟು ಐದು ಸುತ್ತು. ಅಬ್ದೋನ್ ಏರಿನ ತಿರುವಿನಲ್ಲಿ ನಿಂತ. ಯಾವತ್ತಿನ ಅಭ್ಯಾಸ, ಗಾಳಿ ಹಾಕುವ ಪಂಪು ಹೊದ್ದ ಕಂಬಳಿಯೊಳಗೇ ಇತ್ತು. ಮೊದಲ ಸುತ್ತಿನಲ್ಲಿ ಮಗಳು ನಾಲ್ಕನೆಯವಳಾಗಿ ಬಂದಳು, ಮೂರನೆಯದರಲ್ಲಿ ಒಂಬತ್ತನೆಯವಳು. ಗೇರುಗಳಲ್ಲಿ ಒಂದು ಹುಳುಕು ಹುಡುಕುವಂತಿರಲಿಲ್ಲ, ಬೆರಳು ಒತ್ತಿದ ಕೂಡಲೇ ಬೀಳುತ್ತಿದ್ದವು. ಟೈರು ಮಾತ್ರ ಚಪ್ಪಟೆಯಾಗಿ ಡಾಂಬರಿಗೆ ಅಂಟಿಕೊಂಡು ಅವಳನ್ನು ಹಿಂದಕ್ಕೆಳೆಯುತ್ತಿತ್ತು. ಪಕ್ಕದಲ್ಲಿದ್ದವರು ತುಳಿ ಮಗಳೇ, ತುಳಿ ಎಂದು ಕೂಗಿದರು.

ಕೊನೆಯ ಸುತ್ತಿಗೆ ಅವಳ ಹಿಂದೆ ಯಾರೂ ಇರಲಿಲ್ಲ. ಮುಖ ಕೆಂಪಾಗಿತ್ತು. ಹತ್ತಿರ ಬಂದವಳ ಕಣ್ಣು ಕಂಬಳಿಯಿಂದ ಇಣುಕುತ್ತಿದ್ದ ಪಂಪಿನ ಹಿಡಿಯ ಮೇಲೆ ಬಿತ್ತು.

"ಅಪ್ಪಾ, ಚೂರು ಗಾಳಿ."

ಅವನು ಪಂಪನ್ನು ಒಳಕ್ಕೆ ತಳ್ಳಿ ಎರಡೂ ಕೈಯಿಂದ ಹೊಟ್ಟೆಗೆ ಅವುಚಿಕೊಂಡ. ಅವಳು ತಲೆ ತಗ್ಗಿಸಿ ಗೇರು ಬದಲಿಸಿದಳು. ಚೈನು ಸದ್ದಿಲ್ಲದೆ ಪಕ್ಕದ ಹಲ್ಲುಚಕ್ರಕ್ಕೆ ಹತ್ತಿಕೊಂಡಿತು.