ತೆಗೆಯಬಹುದಾದ ಗೋಡೆ

ಬೆಳಗ್ಗೆ ಹತ್ತರ ಹೊತ್ತಿಗೆ ಛಾವಣಿಯಿಂದ ಗಾರೆಯ ಪುಡಿ ತಲೆಯ ಮೇಲೆ ಉದುರಿದಾಗ ನಾಸ್ಲಿ ರೆಂತೆರೀಯಾ ಕೊಡವಿಕೊಂಡು ಸುಮ್ಮನಾದಳು. ಎರಡನೆಯ ಸಲ ಉದುರಿದಾಗ ಸುಮ್ಮನಿರಲಾಗಲಿಲ್ಲ. ಕತ್ತೆತ್ತಿ ನೋಡಿದಳು. ಅರ್ಧ ಒಡೆದ ಗೋಡೆಯ ಪಕ್ಕದ ಪಿಲ್ಲರಿನ ನೆತ್ತಿಯಿಂದ ಕೂದಲೆಳೆಯಂಥ ಬಿರುಕೊಂದು ಓರೆಯಾಗಿ ಇಳಿದಿತ್ತು. ನಿನ್ನೆ ಸಂಜೆ ಅದು ಇರಲಿಲ್ಲ.

ಮೆಡೆಯಿನ್ ನಗರದ ಲೌರೆಲೆಸ್ ಬಡಾವಣೆಯ ಹಳೇ ಕಟ್ಟಡ ಅದು. ಐದು ಅಂತಸ್ತು. ಕೆಳಗಿನದನ್ನು ಹೋಟೆಲು ಮಾಡಬೇಕು, ಮೇಲಿನ ನಾಲ್ಕರಲ್ಲಿ ಎಂಟು ಸಂಸಾರಗಳು. ನಾಸ್ಲಿ ಚೊಕೊ ಸೀಮೆಯ ಕರಿಯರ ಹುಡುಗಿ, ಆರ್ಕಿಟೆಕ್ಟ್. ಒಂಬತ್ತು ವರ್ಷ ಬೇರೆಯವರ ಆಫೀಸುಗಳಲ್ಲಿ ಪರದೆ, ಟೈಲ್ಸು, ಸೋಫಾದ ಬಣ್ಣ ಆರಿಸಿಕೊಟ್ಟಿದ್ದಳು. ಮೀಟಿಂಗಿಗೆ ಹೋದರೆ ಬಂದವರು ಕಾಫಿ ತರಲು ಹೇಳುತ್ತಿದ್ದರು. ತನ್ನದೇ ಸಹಿ ಇರುವ ನಕ್ಷೆ ಇದೇ ಮೊದಲನೆಯದು. ಆ ನಕ್ಷೆಯಲ್ಲಿ ಈ ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ಅವಳೇ ಬರೆದಿದ್ದಳು: 'ತೆಗೆಯಬಹುದು.'

ಬರೆಯುವಾಗಲೇ ಅನುಮಾನವಿತ್ತು. ಮಾಲೀಕ ದೊನ್ ಎವೇಲಿಯೊ ಕೊಟ್ಟ ಹಳೇ ನಕ್ಷೆಯಲ್ಲಿ ಅದು ಬರೀ ಅಡ್ಡಗೋಡೆ. ಆದರೂ ಗಾರೆ ಕಿತ್ತು ಒಳಗೆ ನೋಡಬೇಕು, ಒಂದು ವಾರ ಬೇಕು ಎಂದಿದ್ದಳು. ಎವೇಲಿಯೊ ನಕ್ಕಿದ್ದ.

"ಬೇರೆಯವರು ಒಂದೇ ದಿನಕ್ಕೆ ಸಹಿ ಹಾಕ್ತಾರಂತೆ ಕಣೇ, ಕರೀಕೂಸೇ. ಗೊತ್ತಾಗ್ತಿಲ್ಲ ಅಂದ್ರೆ ಹೇಳ್ಬಿಡು, ನಾಚಿಕೆ ಯಾಕೆ?"

ಗೊತ್ತಿಲ್ಲದವಳು ಅನ್ನಿಸಿಕೊಳ್ಳುವ ಹೆದರಿಕೆಯಲ್ಲಿ ಅವಳು ಸಹಿ ಹಾಕಿಬಿಟ್ಟಿದ್ದಳು.

ಮೇಸ್ತ್ರಿ ಆರ್ಬೆಯ್ ಪಕ್ಕಕ್ಕೆ ಬಂದು ನಿಂತ. ಅರವತ್ತರ ಮನುಷ್ಯ, ಮಾತು ಕಡಿಮೆ.

"ಅಕ್ಕೋರೆ, ಗೋಡೆಯೊಳಗೆ ಕಬ್ಬಿಣ ಸಿಕ್ತು. ಅಡ್ಡಗೋಡೆಗೆ ಯಾರಾದ್ರೂ ಕಬ್ಬಿಣ ಹಾಕ್ತಾರಾ?"

"ಯಾವಾಗ ಸಿಕ್ತು?"

"ನಿನ್ನೆ, ನೀವು ಹೋದ್ಮೇಲೆ. ದೊನ್ ಎವೇಲಿಯೊಗೆ ಫೋನ್ ಮಾಡ್ದೆ. ಕತ್ತರಿಸಿ ಬಿಸಾಕು, ಅವಳಿಗೆ ಹೇಳ್ಬೇಡ ಅಂದ್ರು."

"ಕತ್ತರಿಸಿದ್ಯಾ?"

ಆರ್ಬೆಯ್ ಮೂಲೆಯಲ್ಲಿ ಬಿದ್ದಿದ್ದ ಕತ್ತರಿಸಿದ ಸರಳುಗಳತ್ತ ಕೈ ತೋರಿಸಿದ.

ಅಂದರೆ ಅದು ಅಡ್ಡಗೋಡೆಯಲ್ಲ, ಮೇಲಿನ ಅಂತಸ್ತುಗಳ ಭಾರ ಹೊತ್ತ ಗೋಡೆ. ಛಾವಣಿಗೆ ಆನಿಕೆಯಾಗಿ ನಾಲ್ಕು ಜಾಕಿ ಕೊಟ್ಟು ನಿಲ್ಲಿಸಿ, ಬಿರುಕಿಗೆ ಗಾರೆ ಮೆತ್ತಿ ಬಾಯಿ ಮುಚ್ಚಿಕೊಂಡಿದ್ದರೆ? ಯಾರಿಗೂ ತಿಳಿಯುವುದಿಲ್ಲ. ಸುಳ್ಳೇಕೆ, ಆ ಯೋಚನೆ ಅವಳಿಗೆ ಬಂತು. ಆದರೂ ಮಾಲೀಕನಿಗೆ ಫೋನು ಮಾಡಿ ಮೇಲಿನ ಮನೆಗಳ ಜನರನ್ನು ಇಳಿಸಬೇಕು ಅಂದಳು.

"ಇಳಿಸು ನೋಡೋಣ," ಎಂದ ಅವನು. "ಪೊಲೀಸರಿಗೆ ಮೊದಲು ತೋರಿಸೋದು ನಿನ್ನ ಸಹೀನೇ. ಆಮೇಲೆ ಈ ಊರಲ್ಲಿ ನಿನಗೆ ನಾಯಿಗೂಡು ಕಟ್ಟೋ ಕೆಲಸಾನೂ ಸಿಗಲ್ಲ."

ಅಷ್ಟರಲ್ಲಿ ಮೇಲಿನಿಂದ ಬಾಗಿಲು ಗುದ್ದುವ ಸದ್ದು. ಯಾರೋ ಒಳಗಿನಿಂದ ತಳ್ಳುತ್ತಿದ್ದರು, ಬಾಗಿಲು ತೆರೆದುಕೊಳ್ಳುತ್ತಿರಲಿಲ್ಲ. ನಾಸ್ಲಿಗೆ ಅರ್ಥವಾಯಿತು: ಮೇಲಿನ ನೆಲ ಜಗ್ಗಿ ಬಾಗಿಲಿನ ಚೌಕಟ್ಟನ್ನು ಅದುಮಿದೆ. ಫೋನನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು.

"ಜಾಕಿ ಕೊಡ್ರೋ!" ಎಂದು ಆಳುಗಳಿಗೆ ಕೂಗಿ ಆರ್ಬೆಯ್ ಹಾರೆ ಹಿಡಿದು ಅವಳ ಹಿಂದೆಯೇ ಬಂದ. ಸಿಕ್ಕಿಬಿದ್ದ ಬಾಗಿಲನ್ನು ಅವನು ಮೀಟತೊಡಗಿದ. ಒಳಗೆ ಮಗುವಿನ ಅಳು. ನಾಸ್ಲಿ ಎದುರು ಮನೆಯ ಗಂಟೆ ಒತ್ತಿದಳು. ಗಾರೆ ಮೆತ್ತಿದ ಅವಳ ಕರಿ ಮುಖ ನೋಡಿ ಹೆಂಗಸೊಬ್ಬಳು, "ಕೆಲಸದವರು ಬೇಡಮ್ಮ, ನಮಗಿದ್ದಾರೆ," ಎಂದು ಬಾಗಿಲು ಹಾಕಿಕೊಂಡಳು. ಮುಂದಿನ ಅಂತಸ್ತಿನಲ್ಲಿ ಒಬ್ಬ ಮಾತು ಮುಗಿಯುವ ಮೊದಲೇ ಬೈದ. ಕಾಲಡಿಯ ಮೆಟ್ಟಿಲು ಸಣ್ಣಗೆ ಅದುರಿತು. ಕೆಳಗೆ ಓಡಿಹೋಗಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಆದರೂ ಎದುರಿಗಿದ್ದ ಇನ್ನೊಂದು ಗಂಟೆ ಒತ್ತಿದಳು.

ಬಾಗಿಲು ತೆರೆದವಳು ದೋನ್ಯಾ ಫಾಬಿಯೋಲ ಎಂಬ ಮುದುಕಿ. ಕೈಯಲ್ಲಿ ಹಿಟ್ಟು.

"ಕಟ್ಟಡ ಬೀಳಬಹುದು, ಇಳೀರಿ."

"ಹಾಗಂತ ಯಾರು ಹೇಳಿದ್ದು?"

"ನಾನೇ. ಕೆಳಗಿನ ಕೆಲಸದ ನಕ್ಷೆ ಬರೆದವಳು ನಾನೇ. ನಾನು ತಪ್ಪು ಮಾಡಿದೀನಿ."

ಮುದುಕಿ ಅವಳನ್ನೇ ದಿಟ್ಟಿಸಿದಳು. "ತಪ್ಪು ನಂದು ಅಂತ ಮನೆ ಬಾಗಿಲಿಗೆ ಬಂದು ಹೇಳೋರನ್ನ ಇಷ್ಟು ವರ್ಷಕ್ಕೆ ಇವತ್ತೇ ನೋಡಿದ್ದು. ಹಾಗಾದ್ರೆ ನಿಜಾನೇ ಇರ್ಬೇಕು." ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಮೆಟ್ಟಿಲ ಕಂಬಿ ಹಿಡಿದು ಕಿರುಚಿದಳು: "ಏಯ್ ಹೆರಾರ್ದೊ! ಲೂಸ್ ದಾರಿ! ಹೊರಗೆ ಬನ್ರೋ, ಗೂಟ ಹೊಡ್ಕೊಂಡು ಕೂತಿದೀರಾ? ಸಾಯೋಕೆ ಅಷ್ಟು ಆಸೇನಾ?"

ಅವಳ ಗಂಟಲಿಗೆ ಬಾಗಿಲುಗಳೆಲ್ಲ ತೆರೆದವು. ಕಾಲು ಗಂಟೆಯಲ್ಲಿ ಎಲ್ಲರೂ ಬೀದಿಯಲ್ಲಿದ್ದರು. ಕೊನೆಗೆ ಹೊರಬಂದವರು ಹಾರೆ ಹಿಡಿದ ಆರ್ಬೆಯ್, ಮಗುವನ್ನು ಅವಚಿಕೊಂಡ ತಾಯಿ, ಅವರ ಹಿಂದೆ ನಾಸ್ಲಿ.

ಅಗ್ನಿಶಾಮಕದವರು ಬಂದು ಜಾಕಿಯ ಮೇಲೆ ಜಾಕಿ ಕೊಡುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಆ ತಾಯಿಯ ಅಡುಗೆಮನೆಯ ನೆಲ ಧಡಾರನೆ ಕುಸಿದು ಕೆಳಗಿನ ಅಂತಸ್ತಿಗೆ ಬಿತ್ತು. ಅದೃಷ್ಟಕ್ಕೆ ಅಡಿಯಲ್ಲಿ ಯಾರೂ ಇರಲಿಲ್ಲ. ನಾಸ್ಲಿ ಬೀದಿಯ ಅಂಚಿಗೆ ಕೂತು ವಾಂತಿ ಮಾಡಿಕೊಂಡಳು.

ವಿಚಾರಣೆಯಲ್ಲಿ ಎವೇಲಿಯೊ ಅವಳ ಸಹಿಯನ್ನೇ ಎತ್ತಿ ಹಿಡಿದ. ಗಾರೆ ಕಿತ್ತು ನೋಡಲಿಲ್ಲವೇಕೆ ಎಂದು ಕೇಳಿದಾಗ ನಾಸ್ಲಿ, "ಹೆದರಿದ್ದೆ," ಎಂದಳು. ಕಬ್ಬಿಣ ಕತ್ತರಿಸಲು ಹೇಳಿದವರು ಯಾರೆಂದು ಆರ್ಬೆಯ್ ಬಾಯಿ ಬಿಟ್ಟ. ಮಾಲೀಕನ ಮೇಲೆ ಮೊಕದ್ದಮೆ ಹೂಡಿದರು. ಅವಳ ಪರವಾನಗಿಯನ್ನು ಒಂದು ವರ್ಷ ಹಿಡಿದಿಟ್ಟರು. ಆ ವರ್ಷ ಅವಳು ತನ್ನೂರು ಕಿಬ್ದೊದಲ್ಲಿ ತಾಯಿಯ ಮನೆಯಲ್ಲಿದ್ದಳು. ನೆಲದ ಹಲಗೆ ಕಿರುಗುಟ್ಟಿದರೂ ಬೆಚ್ಚಿ ಅಂಗಳಕ್ಕೆ ಓಡುತ್ತಿದ್ದಳು.

ವರ್ಷ ಕಳೆದ ಮೇಲೆ ಫಾಬಿಯೋಲಳ ಫೋನು ಬಂತು.

"ಕಟ್ಟಡ ಗಟ್ಟಿ ಮಾಡಿದ್ದಾರೆ. ನಮ್ಮ ಮನೆಗಳ ಒಳಗೆಲ್ಲ ಹೊಸದಾಗಿ ಮಾಡಿಸ್ಬೇಕು. ಆರ್ಕಿಟೆಕ್ಟ್ ಒಬ್ಬ ಬಂದಿದ್ದ, ನಿಂತ ಕಾಲಲ್ಲೇ ಎಲ್ಲಾ ಸರಿಯಿದೆ ಅಂತ ನಕ್ಕ. ನಮಗೆ ಅವನು ಬೇಡ, ನೀನು ಬಾ."

"ನನಗಿನ್ನೂ ಆ ಮೆಟ್ಟಿಲು ಹತ್ತೋಕೆ ಭಯ, ದೋನ್ಯಾ ಫಾಬಿಯೋಲ."

"ನನಗೇನು ಇಲ್ವಾ? ದಿನಾ ಹತ್ತಿಳೀತೀನಿ."

ಮುಂದಿನ ಸೋಮವಾರ ನಾಸ್ಲಿ ಟೇಪು, ಪುಸ್ತಕ ಹಿಡಿದು ಹೋದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು, ಗೋಡೆಗೆ ಅಂಗೈ ಒತ್ತಿ ನಿಂತಳು. ಬೆವರಿಗೆ ಗೋಡೆ ಒದ್ದೆಯಾಯಿತು. ಮೇಲಿನಿಂದ ಅರೇಪಾ ಎಂಬ ಮೆಕ್ಕೆಜೋಳದ ರೊಟ್ಟಿ ಸುಡುವ ಘಮ.

"ಅಲ್ಲೇನು ಮಾಡ್ತಿದೀಯೇ ಮಗಳೇ?" ಮುದುಕಿ ಕಂಬಿಯ ಮೇಲಿಂದ ಬಗ್ಗಿ ಕೂಗಿದಳು. "ಬೇಗ ಹತ್ತು, ಅರೇಪಾ ಆರಿಹೋಗುತ್ತೆ!"

ನಾಸ್ಲಿ ಹತ್ತತೊಡಗಿದಳು.