ಒಳಮನೆಯ ಪಾಸ್‌ವರ್ಡ್

ಅವಳ ಬಳಿ ಪಾಸ್‌ವರ್ಡ್ ಇರಲಿಲ್ಲ. ಫೋಟೊ ಸ್ಟುಡಿಯೋದ ಕೆಲಸವನ್ನೆಲ್ಲ ಅವಳೇ ನಿಭಾಯಿಸುತ್ತಿದ್ದರೂ ಅಲ್ಲಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಬದಲಿಸುವ, ಅಳಿಸುವ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಚಿಕ್ಕಪ್ಪನ ತಲೆಯೊಳಗೇ ಇತ್ತು. ಅವಳ ಫೋಲ್ಡರಿಗೆ ಅವನು ‘ಅಂಗಳ’ ಎಂದೂ ಊರವರ ಹಳೆಯ ಫೋಟೊಗಳಿದ್ದ ಫೋಲ್ಡರಿಗೆ ‘ಒಳಮನೆ’ ಎಂದೂ ಹೆಸರಿಟ್ಟಿದ್ದ. ಒಳಮನೆಯದನ್ನು ಅವಳು ನೋಡಬಹುದು, ನಕಲು ತಂದು ಅಂಗಳದಲ್ಲಿ ತಿದ್ದಬಹುದು. ತಿದ್ದಿದ್ದನ್ನು ಒಳಗಿಡಬೇಕಾದರೆ ಅವನೇ ಬರಬೇಕು.

ಈಗ ಅವನು ಟೀ ಲೋಟ ಹಿಡಿದು ಅವಳ ಬೆನ್ನ ಹಿಂದೆ ನಿಂತಿದ್ದ. ಬೆಂಚಿನ ಮೇಲೆ ವಾಚ್ ರಿಪೇರಿಯವರು ಕೂತಿದ್ದರು. ತೀರಿಹೋದ ಮಗನ ಒಂದೇ ಒಂದು ಫೋಟೊ ಅವರ ಮನೆಯಲ್ಲಿ ನೀರು ಕುಡಿದು ಮುದ್ದೆಯಾಗಿತ್ತು. ಅದಕ್ಕೂ ಮುಂಚೆ ಇಲ್ಲಿ ಸ್ಕ್ಯಾನ್ ಮಾಡಿಸಿದ್ದಷ್ಟೇ ಉಳಿದಿತ್ತು. ಅದಕ್ಕೆ ಬಣ್ಣ ತುಂಬಿಸಲು ಬಂದಿದ್ದರು.

ಬಣ್ಣ ತುಂಬುವ ಪುಕ್ಕಟೆ ಪ್ರೋಗ್ರಾಂ ಒಂದನ್ನು ಅವಳು ಯಾವುದೋ ಸೈಟಿನಿಂದ ಇಳಿಸಿಕೊಂಡಿದ್ದಳು. ತೆರೆಯುತ್ತಲೇ ಅದು ರೂಟ್ ಪಾಸ್‌ವರ್ಡ್ ಕೇಳಿತು.

“ಒಂದ್ಸಲ ಒತ್ಬಿಡು ಚಿಕ್ಕಪ್ಪ.”

“ಶರ್ಟಿಗೆ ಬಣ್ಣ ಬಳಿಯೋನಿಗೆ ಇಡೀ ಮನೆ ಬೀಗದಕೈ ಯಾಕಮ್ಮ?”

“ನಿಂಗೆ ನನ್ಮೇಲೆ ನಂಬಿಕೆ ಇಲ್ಲ ಅನ್ನು.”

“ನಿನ್ಮೇಲಿದೆ, ಅದರ ಮೇಲಿಲ್ಲ. ಚಿತ್ರ ತಿದ್ದೋವಾಗ ನಾನೂ ಆ ಅಧಿಕಾರ ತಗೊಳಲ್ಲ.”

“ಬೇಗ ಜಗಳ ಮುಗಿಸ್ರಪ್ಪ, ನನ್ನ ಹುಡುಗ ಕಾಯ್ತಿದಾನೆ,” ಎಂದರು ವಾಚಿನವರು.

ಅವಳು ಮುಖ ಊದಿಸಿಕೊಂಡು ‘ರದ್ದು’ ಒತ್ತಿದಳು. ಆದರೂ ಪ್ರೋಗ್ರಾಂ ತೆರೆದುಕೊಂಡಿತು. ಪರದೆಯ ಮೇಲೆ ತೆರೆದ ಕಪ್ಪು ಕಿಟಕಿಯೊಂದರಲ್ಲಿ ಅಂಗಳದ ಫೈಲುಗಳ ಹೆಸರು ಓಡತೊಡಗಿ, ಪ್ರತಿಯೊಂದರ ಪಕ್ಕ ‘ಅಳಿಸಲಾಗಿದೆ’ ಎಂದು ಬಂತು. ಎಲ್ಲಿ ಒತ್ತಿದರೂ ಅದು ನಿಲ್ಲಲಿಲ್ಲ. ಅಂಗಳ ಮುಗಿದು ಒಳಮನೆಯ ಹೆಸರುಗಳು ಬಂದವು: ಯಾರದೋ ಅಜ್ಜಿ, ಯಾರದೋ ತೊಟ್ಟಿಲ ಕೂಸು, ವಾಚಿನವರ ಮಗ. ಒಳಮನೆಯ ಇನ್ನೊಂದು ನಕಲನ್ನಿಟ್ಟಿದ್ದ ಡಿಸ್ಕೂ ಅದೇ ಕಂಪ್ಯೂಟರಿಗೆ ಜೋಡಿಸಿತ್ತು. ಅದರ ಹೆಸರುಗಳೂ ಬಂದವು. ಆದರೆ ಒಳಮನೆಯ, ಡಿಸ್ಕಿನ ಒಂದೊಂದು ಸಾಲಿನ ಕೊನೆಗೂ ಒಂದೇ ಮಾತು: ‘ಅನುಮತಿ ಇಲ್ಲ’.

ಚಿಕ್ಕಪ್ಪ ಪ್ಲಗ್ಗನ್ನೇ ಕಿತ್ತ. ಪೆನ್‌ಡ್ರೈವೊಂದರಿಂದ ಕಂಪ್ಯೂಟರ್ ಎಬ್ಬಿಸಿ ಅವನು ಒಳಮನೆ ತೆರೆದ. ವಾಚಿನವರ ಹುಡುಗ ಫೋಟೊದಲ್ಲಿ ಅಲ್ಲೇ ಇದ್ದ, ಕಣ್ಣು ಕಿರಿದಾಗಿಸಿ ಬಿಸಿಲಿಗೆ ನಿಂತಿದ್ದ.

“ಕೊಡದೇ ಇದ್ದಿದ್ದಕ್ಕೆ ಥ್ಯಾಂಕ್ಸ್,” ಎಂದಳು ಅವಳು ಮೆಲ್ಲಗೆ.

“ಇನ್ನೊಂಚೂರು ಜೋರಾಗಿ ಹೇಳು, ನಿಮ್ಮಮ್ಮಂಗೂ ಕೇಳ್ಲಿ.”

ವಾಚಿನವರು ಎದ್ದು ಬಂದು ಪರದೆಯ ಹತ್ತಿರ ಬಗ್ಗಿದರು. “ಶರ್ಟು ನೀಲಿ. ಆಕಾಶದ್ದಲ್ಲ, ಇಂಕಿಂದು.”

ಅವಳು ಹುಡುಗನ ಕಾಲರಿನಿಂದ ಶುರುಮಾಡಿ ಕೈಯಲ್ಲೇ ಬಣ್ಣ ಬಳಿಯತೊಡಗಿದಳು. ಅಂಗಳದಿಂದ ಹೋದದ್ದು ಇಷ್ಟೇ: ಆ ವಾರ ತಿದ್ದಿದ್ದ ಒಂಬತ್ತು ಚಿತ್ರ, ಒಂದು ಅಂಗಡಿ ಬೋರ್ಡಿನ ಕರಡು, ಅವಳು ಕೂಡಿಟ್ಟುಕೊಂಡಿದ್ದ ನಲವತ್ತು ಹಾಡು.